ಹೆಪಟೈಟಿಸ್ ಬಿ: ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ತಿಳಿಯಲು ಬಯಾಪ್ಸಿ ಬೇಕೇ ಬೇಕಾ?

ತೋಟದಮನೆ:
ತೀರ್ಥಹಳ್ಳಿ ಕಡೆಯವರು ನಾವು. ತಮ್ಮನಿಗೆ 38 ವರ್ಷ, ಹೆಪಟೈಟಿಸ್ ಬಿ ಇರುವುದು ರಕ್ತ ಕೊಡಲು ಹೋದಾಗ ಗೊತ್ತಾಗಿತ್ತು. ಹೋದ ತಿಂಗಳು ಡೆಂಗಿ ಬಂದು ಮಲಗಿದ್ದಾಗ ಮಾಡಿಸಿದ ರಿಪೋರ್ಟ್ ಈಗ ಕೈಯಲ್ಲಿದೆ. ಎಸ್‌ಜಿಒಟಿ (ಲಿವರ್‌ನ ಒಂದು ಕಿಣ್ವ) 62, ಪ್ಲೇಟ್‌ಲೆಟ್ 1.10 ಲಕ್ಷ. ಈ ಎರಡರಿಂದ ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ಅಂದಾಜಿಸುವ ಎಪಿಆರ್‌ಐ ಲೆಕ್ಕ ಹಾಕಿದರೆ 1.4 ಬಂತು. 1 ದಾಟಿದರೆ ಸಿರೋಸಿಸ್ (ಲಿವರ್ ಕಲೆಗಟ್ಟಿ ಪೂರ್ತಿ ಗಟ್ಟಿಯಾಗುವುದು) ಅಂತ ಓದಿದ ಮೇಲೆ ಮನೆಯಲ್ಲಿ ಯಾರಿಗೂ ಊಟ ಸೇರುತ್ತಿಲ್ಲ. ಬಯಾಪ್ಸಿ ಅಂತ ಸೂಜಿ ಹಾಕಿ ಲಿವರ್ ತುಂಡು ತೆಗೆಯುತ್ತಾರೆ ಅಂದರೆ ಅವನು ಆಸ್ಪತ್ರೆ ಕಡೆ ತಲೆಯೇ ಹಾಕುವುದಿಲ್ಲ. ಬೇರೆ ದಾರಿ ಇದೆಯಾ?

ಲ್ಯಾಬ್_ಶಿವಮೊಗ್ಗ:
ಮಾರಾಯ್ರೆ, ಜ್ವರದ ರಿಪೋರ್ಟ್ ಹಿಡಿದು ಈ ಲೆಕ್ಕ ಹಾಕಬೇಡಿ! ಎಸ್‌ಜಿಒಟಿಯನ್ನು ಅದರ ಗರಿಷ್ಠ ಮಿತಿ 40ರಿಂದ ಭಾಗಿಸಿ, ಪ್ಲೇಟ್‌ಲೆಟ್‌ನಿಂದ (ಸಾವಿರದಲ್ಲಿ, ಅಂದರೆ 110) ಮತ್ತೆ ಭಾಗಿಸಿ, ನೂರರಿಂದ ಗುಣಿಸುವುದು, ಅಷ್ಟೇ. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಇಳಿಯುತ್ತದೆ, ಎಸ್‌ಜಿಒಟಿ ಏರುತ್ತದೆ, ಎರಡೂ ಸೇರಿ ಉತ್ತರವನ್ನು ಮೇಲಕ್ಕೆ ತಳ್ಳುತ್ತವೆ. ನಮ್ಮ ಕಡೆಯ ಮಂಗನ ಕಾಯಿಲೆಯಲ್ಲೂ ಇದೇ ಕಥೆ. ಪೂರ್ತಿ ಚೇತರಿಸಿಕೊಂಡ ಮೇಲೆ ಮತ್ತೆ ಮಾಡಿಸಿ. ಪ್ಲೇಟ್‌ಲೆಟ್ 2.20 ಲಕ್ಷಕ್ಕೆ ಬಂತು ಅಂದುಕೊಳ್ಳಿ, ಎಸ್‌ಜಿಒಟಿ ಅಷ್ಟೇ ಇದ್ದರೂ ಲೆಕ್ಕ 0.7ಕ್ಕೆ ಇಳಿಯುತ್ತದೆ.

ಸಾಗರದ_ಅಕ್ಕ:
ನಮ್ಮ ಯಜಮಾನರಿಗೂ ಇದೇ ತೊಂದರೆ. ಹೊರಗಿನಿಂದಲೇ ಲಿವರ್ ಗಟ್ಟಿತನ ಅಳೆಯುವ ಫೈಬ್ರೋಸ್ಕ್ಯಾನ್ ಮಾಡಿಸಿದೆವು, ನೋವಿಲ್ಲ. ಬಲಗಡೆ ಪಕ್ಕೆಲುಬಿನ ನಡುವೆ ಜೆಲ್ ಹಚ್ಚಿ ಪ್ರೋಬ್ ಇಟ್ಟು ಟಕ್ ಟಕ್ ಅಂತ ಒತ್ತುತ್ತಾರೆ. ಹತ್ತು ಸಲ ಸರಿಯಾದ ಅಳತೆ ಸಿಗಬೇಕು, ಅದರ ಮಧ್ಯದ ಅಂಕಿಯನ್ನು ಕಿಲೋಪಾಸ್ಕಲ್‌ನಲ್ಲಿ ಬರೆದು ಕೊಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ 2024ರ ಮಾರ್ಗಸೂಚಿ ಪ್ರಕಾರ 7 ದಾಟಿದರೆ ಗಮನಿಸಬೇಕಾದ ಫೈಬ್ರೋಸಿಸ್ (ಲಿವರ್ ಕಲೆಗಟ್ಟುವುದು), 12.5 ದಾಟಿದರೆ ಸಿರೋಸಿಸ್ ಸಾಧ್ಯತೆ. ಮುಂಚೆ ಮೂರು ಗಂಟೆ ಏನೂ ತಿನ್ನಬಾರದು, ಊಟ ಆದ ಕೂಡಲೇ ಅಂಕಿ ಜಾಸ್ತಿ ಬರುತ್ತದೆ. ಮಣಿಪಾಲಕ್ಕೋ ಮಂಗಳೂರಿಗೋ ಹೊರಟರೆ ಆಗುಂಬೆಯಲ್ಲಿ ಇಳಿದು ದೋಸೆ ತಿಂದು ಹೋಗುವವರು ನಾವು, ಅದಕ್ಕೇ ಹೇಳಿದೆ.

ಮಲೆನಾಡಿಗ:
0.7 ಬಂದರೆ ಸಿರೋಸಿಸ್ ಇಲ್ಲ ಅಂತ ಸುಮ್ನೆ ಕೂರಬೇಡಿ. ಅದೇ ಮಾರ್ಗಸೂಚಿಯಲ್ಲಿ ಎಪಿಆರ್‌ಐ 0.5 ದಾಟಿದರೆ ವೈರಸ್ ತಡೆಯುವ ಮಾತ್ರೆ ಶುರು ಮಾಡುವ ಮಾತಿದೆ. ರಕ್ತದ ಲೆಕ್ಕ ಒಂದು ಹೇಳಿ ಸ್ಕ್ಯಾನ್ ಇನ್ನೊಂದು ಹೇಳಿದಾಗ ಬಯಾಪ್ಸಿ ಈಗಲೂ ಕೇಳಬಹುದು, ಆದರೆ ಮೊದಲ ಹೆಜ್ಜೆ ಅದಲ್ಲ. ಮನೆಯವರೆಲ್ಲರ ಪರೀಕ್ಷೆ ಆಗಿದೆಯಾ? ಸೋಂಕು ಇಲ್ಲದವರಿಗೆ ಲಸಿಕೆ ಹಾಕಿಸಿ. ಮಾತ್ರೆ ಬೇಕಾದರೆ ಸರ್ಕಾರದ ಕಾರ್ಯಕ್ರಮದಲ್ಲಿ ಉಚಿತ, ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ವಿಚಾರಿಸಿ.

ತೋಟದಮನೆ:
ಅಮ್ಮನದು ಒಂದೇ ಹಟ, ಮೊದಲು ಕಾಮಾಲೆಯ ನಾಟಿ ಔಷಧಿ ಕೊಡೋಣ, ಸ್ಕ್ಯಾನ್ ಆಮೇಲೆ ಅಂತ.

ಲ್ಯಾಬ್_ಶಿವಮೊಗ್ಗ:
ಸ್ಕ್ಯಾನ್‌ಗೆ ಮೊದಲಂತೂ ಬೇಡ. ಕೆಲವು ಬೇರು-ಸೊಪ್ಪುಗಳೇ ಲಿವರ್ ಕೆರಳಿಸಿ ಎಸ್‌ಜಿಪಿಟಿ (ಲಿವರ್‌ನ ಇನ್ನೊಂದು ಕಿಣ್ವ) ಏರಿಸುತ್ತವೆ. ಉರಿಯೂತ ಇದ್ದಾಗ ಲಿವರ್ ಇರುವುದಕ್ಕಿಂತ ಗಟ್ಟಿಯಾಗಿ ಕಾಣುತ್ತದೆ, ಆಮೇಲೆ ಅಂಕಿ ಏರಿದ್ದು ವೈರಸ್‌ನಿಂದಲೋ ಕಷಾಯದಿಂದಲೋ ಅಂತ ಡಾಕ್ಟರಿಗೂ ಹೇಳಲು ಆಗುವುದಿಲ್ಲ. ಅಮ್ಮನಿಗೆ ಹಾಗೇ ಹೇಳಿ ನೋಡಿ.