ಸಹಾಯ ಬೇಕು: ಜೀನ್ಸ್ ಘಟಕದ ಕುರಿತ ಲೇಖನವನ್ನು ಯಾವ ವಿಭಾಗಕ್ಕೆ ಕಳುಹಿಸಬೇಕು?

ಮಾನ್ಯರೇ, ಬಳ್ಳಾರಿಯಲ್ಲಿ ಎಂಬಿಎ ಬೋಧಿಸುವ ನಾನು ಇಲ್ಲಿನ ಜೀನ್ಸ್ ಘಟಕವೊಂದರ ಮಾಲೀಕರ ಜೊತೆಗೂಡಿ, ಕತ್ತರಿಸಿದ ಬಟ್ಟೆಯ ಕಟ್ಟುಗಳು ಮನೆಗಳಲ್ಲಿ ಹೊಲಿಗೆಯಾಗಿ, ವಾಷಿಂಗ್ ಘಟಕದಲ್ಲಿ ಸರದಿ ಕಾದು, ಕೊನೆಗೆ ಹಬ್ಬದ ಆರ್ಡರ್ ತಡವಾಗುವ ಬಗೆಯನ್ನು ಕುರಿತು ಲೇಖನವೊಂದನ್ನು ಸಿದ್ಧಪಡಿಸಿದ್ದೇನೆ. ಅಹಮದಾಬಾದ್ ಐಐಎಂ 1976ರಿಂದ ಹೊರತರುತ್ತಿರುವ ‘ವಿಕಲ್ಪ’ ಎಂಬ ನಿರ್ವಹಣಾ ವಿಷಯದ ನಿಯತಕಾಲಿಕವನ್ನೂ ಬೆಂಗಳೂರು ಐಐಎಂನ ಅಂಥದ್ದೇ ನಿಯತಕಾಲಿಕ ‘ಐಐಎಂಬಿ ಮ್ಯಾನೇಜ್‌ಮೆಂಟ್ ರಿವ್ಯೂ’ವನ್ನೂ ನೋಡಿದ್ದೇನೆ, ಎರಡನೆಯದರ ದುಂಡುಮೇಜಿನ ಚರ್ಚೆಗಳಲ್ಲಿ ಪ್ರಾಧ್ಯಾಪಕರೂ ಉದ್ಯಮದವರೂ ಒಟ್ಟಿಗೆ ಮಾತನಾಡುವುದು ನನಗೆ ಹಿಡಿಸಿತು. ನಮ್ಮ ಲೇಖನದಲ್ಲಿ ಸಂಖ್ಯಾಶಾಸ್ತ್ರದ ಮಾದರಿಗಳಿಲ್ಲ, ಮಾಲೀಕರ ಲೆಕ್ಕದ ಪುಸ್ತಕ ಮತ್ತು ಅವರ ಮಾತುಗಳಿವೆ (ಅದೇ ಅದರ ಜೀವಾಳವೆಂದು ನನ್ನ ಭಾವನೆ). ಇಂಥದ್ದನ್ನು ಸಂಶೋಧನಾ ಲೇಖನವಾಗಿ ಕಳುಹಿಸಬೇಕೇ, ಪ್ರಕರಣ ಅಧ್ಯಯನವಾಗಿ ಕಳುಹಿಸಬೇಕೇ? ಉದ್ಯಮಿಯೊಬ್ಬರನ್ನು ಸಹಲೇಖಕರನ್ನಾಗಿಸಿ ಪ್ರಕಟಿಸಿದವರು ದಯವಿಟ್ಟು ತಮ್ಮ ಅನುಭವವನ್ನು ತಿಳಿಸಬೇಕೆಂದು ಕೋರುತ್ತೇನೆ.