ಸಹಾಯ ಬೇಕು: ಆರ್ ಭಾಷೆಯ ರಾಡಾರ್ ನಕ್ಷೆಯಲ್ಲಿ ಕೆರೆ ನೀರಿನ ಹೋಲಿಕೆ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಹೆಬ್ಬಾಳ, ಹಲಸೂರು ಮತ್ತು ಸ್ಯಾಂಕಿ ಕೆರೆಗಳ ನೀರಿನ ಗುಣಮಟ್ಟವನ್ನು ಆರ್ ಎಂಬ ಅಂಕಿಅಂಶ ಪ್ರೋಗ್ರಾಮಿಂಗ್ ಭಾಷೆಯ ಎಫ್‌ಎಂಎಸ್‌ಬಿ ಪ್ಯಾಕೇಜ್ ಬಳಸಿ ಒಂದೇ ರಾಡಾರ್ ನಕ್ಷೆಯಲ್ಲಿ (ಒಂದೊಂದು ಅಳತೆಗೆ ಒಂದೊಂದು ಅಕ್ಷವಿರುವ, ಜೇಡರ ಬಲೆಯಂಥ ನಕ್ಷೆ) ತೋರಿಸಲು ಪ್ರಯತ್ನಿಸುತ್ತಿದ್ದೇನೆ. ದತ್ತಾಂಶದ ಮೊದಲ ಸಾಲಿನಲ್ಲಿ ಗರಿಷ್ಠ, ಎರಡನೆಯ ಸಾಲಿನಲ್ಲಿ ಕನಿಷ್ಠ ಮೌಲ್ಯಗಳನ್ನು ಕೊಟ್ಟಿರುವುದರಿಂದ ನಕ್ಷೆಯೇನೋ ಮೂಡುತ್ತಿದೆ. ಆದರೆ ಕರಗಿದ ಆಮ್ಲಜನಕ ಹೆಚ್ಚಿದ್ದರೆ ಒಳ್ಳೆಯದು, ಬಿಒಡಿ (ನೀರಿನ ಸಾವಯವ ಕೊಳೆಯನ್ನು ಒಡೆಯಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕ) ಕಡಿಮೆಯಿದ್ದರೆ ಒಳ್ಳೆಯದು, ಪಿಎಚ್ (ಆಮ್ಲೀಯತೆ–ಕ್ಷಾರೀಯತೆಯ ಅಳತೆ) ಮಾತ್ರ ಸಾಮಾನ್ಯವಾಗಿ 6.5ರಿಂದ 8.5ರ ನಡುವೆ ಇರಬೇಕು. ಹೀಗಿರುವಾಗ ಬಲೆಯಲ್ಲಿ ದೊಡ್ಡದಾಗಿ ಹರಡಿಕೊಂಡ ಆಕೃತಿಯನ್ನೇ ಜನರು ಉತ್ತಮ ಕೆರೆಯೆಂದು ತಿಳಿಯುವ ಅಪಾಯವಿದೆ, ಕೆರೆಯ ವಿಷಯದಲ್ಲಿ ಅಂಥ ತಪ್ಪು ಸಂದೇಶ ಹೋಗಬಾರದೆಂಬುದು ನನ್ನ ಕಳಕಳಿ. ಬಿಒಡಿ ಅಕ್ಷವನ್ನು, ಕಡಿಮೆ ಮೌಲ್ಯ ಹೊರಅಂಚಿಗೆ ಬರುವಂತೆ, ತಿರುಗುಮುರುಗು ಮಾಡಬಹುದು. ಪಿಎಚ್ ಅನ್ನು ಯಾವ ಸೂತ್ರದಿಂದ ಅಂಕವಾಗಿ ಪರಿವರ್ತಿಸಬೇಕು? ಅಕ್ಷಗಳ ಕ್ರಮ ಬದಲಿಸಿದರೆ ಆಕೃತಿಯ ವಿಸ್ತೀರ್ಣವೂ ಬದಲಾಗುವುದರಿಂದ, ಕ್ರಮವನ್ನು ಹೇಗೆ ನಿರ್ಧರಿಸುತ್ತೀರಿ? ಜೊತೆಗೆ, ಪಿಡಿಎಫ್‌ನಲ್ಲಿ ‘ಆಮ್ಲಜನಕ’ದ ಒತ್ತಕ್ಷರ ಒಡೆದು ಕಾಣುತ್ತಿದೆ. ಬಲ್ಲವರು ಕೋಡ್ ಸಹಿತ ತಿಳಿಸಿದರೆ ಬಹಳ ಉಪಕಾರವಾಗುತ್ತದೆ.