ಸಿ ಇಂಟರ್‌ಫೇಸ್‌ನಲ್ಲಿ ಬೌಂಡ್ ಮೆಥಡ್ ಬಿಡಿಸಿದ ಮೇಲೆ ‘ಪ್ರಿಂಟ್’ ಹೆಸರು ‘ರಿಂಟ್’ ಆಗುತ್ತಿದೆ

ಪ್ರಶ್ನೆ

ಪೈಥಾನ್ 3.11ಕ್ಕೆ (64 ಬಿಟ್, ಸಾಮಾನ್ಯ ರಿಲೀಸ್ ಬಿಲ್ಡ್) ಸಿ ಭಾಷೆಯಲ್ಲಿ ಒಂದು ಎಕ್ಸ್‌ಟೆನ್ಶನ್ ಮಾಡ್ಯೂಲ್ ಬರೆಯುತ್ತಿದ್ದೇನೆ. ಮೊದಲೇ ನೋಂದಾಯಿಸಿದ ಕಾಲ್‌ಬ್ಯಾಕ್‌ಗಳನ್ನು ಈವೆಂಟ್ ಬಂದಾಗ ಕರೆಯುವುದಷ್ಟೇ ಅದರ ಕೆಲಸ. ಬೌಂಡ್ ಮೆಥಡ್ ಒಂದನ್ನು (ಒಂದು ಆಬ್ಜೆಕ್ಟ್‌ಗೆ ಬೆಸೆದ ಮೆಥಡ್ ಅನ್ನು) ಹಾಗೆಯೇ ಹಿಡಿದಿಟ್ಟುಕೊಂಡರೆ ಅದರೊಳಗಿನ ಆಬ್ಜೆಕ್ಟ್ ನನ್ನ ಪಟ್ಟಿಯ ಕಾರಣದಿಂದಲೇ ಬಿಡುಗಡೆಯಾಗದೆ ಉಳಿದುಬಿಡುತ್ತದೆ. ಅದನ್ನು ತಪ್ಪಿಸಲು, ಬಂದ ಕಾಲ್‌ಬ್ಯಾಕ್‌ಗೆ __ಸೆಲ್ಫ್__ ಎಂಬ ಅಟ್ರಿಬ್ಯೂಟ್ ಇದೆಯೇ ಎಂದು ನೋಡುತ್ತೇನೆ. ಇದ್ದರೆ ಪೈಮೆಥಡ್_ಗೆಟ್_ಫಂಕ್ಷನ್ ಮತ್ತು ಪೈಮೆಥಡ್_ಗೆಟ್_ಸೆಲ್ಫ್ ಮ್ಯಾಕ್ರೋಗಳಿಂದ ಅದನ್ನು ಬಿಡಿಸಿ, ಫಂಕ್ಷನ್‌ಗೆ ಪೈ_ಇನ್‌ಕ್ರೆಫ್ ಮಾಡಿ (ಅದರ ರೆಫರೆನ್ಸ್ ಎಣಿಕೆಗೆ 1 ಸೇರಿಸಿ) ಇಟ್ಟುಕೊಂಡು, ಸೆಲ್ಫ್‌ಗೆ ವೀಕ್ ರೆಫರೆನ್ಸ್ (ಆಬ್ಜೆಕ್ಟ್ ಅನ್ನು ಬದುಕಿಸಿಡದ ರೆಫರೆನ್ಸ್) ಮಾತ್ರ ಮಾಡಿಕೊಳ್ಳುತ್ತೇನೆ. ಈವೆಂಟ್ ಬಂದಾಗ ಪೈಮೆಥಡ್_ನ್ಯೂ ಮೂಲಕ ಎರಡನ್ನೂ ಮತ್ತೆ ಜೋಡಿಸಿ ಕರೆಯುತ್ತೇನೆ.

ಪೈಥಾನ್‌ನಲ್ಲೇ ಬರೆದ ಕ್ಲಾಸ್‌ಗಳ ಮೆಥಡ್‌ಗಳೊಂದಿಗೆ ಇದು ಸರಿಯಾಗಿ ನಡೆಯುತ್ತಿದೆ. ಆದರೆ ಕಲೆಕ್ಷನ್ಸ್ ಮಾಡ್ಯೂಲ್‌ನ ಡೆಕ್ (ಎರಡೂ ತುದಿಗೆ ಸೇರಿಸಬಹುದಾದ ಸಾಲು) ಆಬ್ಜೆಕ್ಟ್ ಒಂದರ ಅಪೆಂಡ್ ಮೆಥಡ್ ಅನ್ನು ಕಾಲ್‌ಬ್ಯಾಕ್ ಆಗಿ ಕೊಟ್ಟಾಗ ಈವೆಂಟ್ ಬಂದ ಕೂಡಲೇ ಸೆಗ್ಮೆಂಟೇಶನ್ ಫಾಲ್ಟ್ ಆಗುತ್ತದೆ. ಇನ್ನೂ ವಿಚಿತ್ರವೆಂದರೆ, ಈವೆಂಟ್ ಬರುವುದಕ್ಕೆ ಮೊದಲೇ, ಕೇವಲ ನೋಂದಾಯಿಸಿದ ಮಾತ್ರಕ್ಕೆ, ಆ ಮೆಥಡ್‌ನ __ನೇಮ್__ ಮೊದಲ ಅಕ್ಷರವನ್ನು ಕಳೆದುಕೊಂಡಿರುತ್ತದೆ. ಪ್ರಿಂಟ್ ಫಂಕ್ಷನ್ ಕೊಟ್ಟು ನೋಡಿದೆ. ಅದರ ಹೆಸರು ‘ರಿಂಟ್’ ಎಂದು ಬರುತ್ತಿದೆ. ನೋಂದಣಿ ರದ್ದುಮಾಡಿದರೆ ಹೋದ ಅಕ್ಷರ ಮರಳಿ ಬರುತ್ತದೆ. ಮೆಮೊರಿ ಹಾಳಾಗಿದ್ದರೆ ಇಷ್ಟು ಕ್ರಮಬದ್ಧವಾಗಿ ಹಾಳಾಗುವುದು ಹೇಗೆ ಎಂಬುದು ತಿಳಿಯುತ್ತಿಲ್ಲ. ಸೆಲ್ಫ್ ಮಾತ್ರ ಎಲ್ಲ ಸಂದರ್ಭಗಳಲ್ಲೂ ಸರಿಯಾಗಿಯೇ ಸಿಗುತ್ತಿದೆ ಎಂಬುದನ್ನೂ ಹೇಳಬೇಕು.

ಮೊದಲ ಉತ್ತರ

ಪೈಥಾನ್ ಪ್ರಾಂಪ್ಟ್‌ನಲ್ಲಿ ಆ ಎರಡೂ ಬಗೆಯ ಕಾಲ್‌ಬ್ಯಾಕ್‌ಗಳ ಟೈಪ್ ಯಾವುದೆಂದು ಮುದ್ರಿಸಿ ನೋಡಿ. ಜೊತೆಗೆ, ಮ್ಯಾಕ್ರೋಗಳನ್ನು ತೆಗೆದು ಅವುಗಳ ಜಾಗದಲ್ಲಿ ಪೈಮೆಥಡ್_ಫಂಕ್ಷನ್ ಮತ್ತು ಪೈಮೆಥಡ್_ಸೆಲ್ಫ್ ಫಂಕ್ಷನ್‌ಗಳನ್ನು ಹಾಕಿ, ಅವು ನಲ್ ಹಿಂತಿರುಗಿಸುತ್ತವೆಯೇ ಎಂದು ಪರೀಕ್ಷಿಸಿ.

ಪ್ರಶ್ನೆ ಕೇಳಿದವರು

ನನ್ನ ಕ್ಲಾಸ್‌ನ ಮೆಥಡ್‌ಗೆ ‘ಮೆಥಡ್’ ಎಂದು ಬಂದರೆ, ಡೆಕ್‌ನ ಅಪೆಂಡ್‌ಗೂ ಪ್ರಿಂಟ್‌ಗೂ ‘ಬಿಲ್ಟಿನ್_ಫಂಕ್ಷನ್_ಆರ್_ಮೆಥಡ್’ ಎಂದು ಬರುತ್ತಿದೆ. ಪೈಮೆಥಡ್_ಫಂಕ್ಷನ್ ಬಳಸಿದಾಗ ಕ್ರ್ಯಾಶ್ ನಿಂತಿತು, ಬದಲಿಗೆ ನೋಂದಾಯಿಸುವಾಗಲೇ ಸಿಸ್ಟಮ್‌ಎರರ್ ಬರುತ್ತಿದೆ. ಆದರೂ ಹೆಸರಿನ ಅಕ್ಷರ ಎಲ್ಲಿಗೆ ಹೋಗುತ್ತಿತ್ತು ಎಂಬುದು ಅರ್ಥವಾಗಲಿಲ್ಲ.

ಎರಡನೆಯ ಉತ್ತರ

ಆ ಅಕ್ಷರದ ಕಥೆಯನ್ನು ಬಿಡಿಸಿ ನೋಡುವುದು ಒಳ್ಳೆಯದು, ಏಕೆಂದರೆ ಇಡೀ ದೋಷ ಅದರಲ್ಲೇ ಇದೆ.

ಪೈಥಾನ್ ಭಾಷೆಯ ಮಟ್ಟದಲ್ಲಿ ನಾವು ಬೌಂಡ್ ಮೆಥಡ್ ಎಂದು ಕರೆಯುವುದು ಸಿ ಮಟ್ಟದಲ್ಲಿ ಒಂದೇ ಟೈಪ್ ಅಲ್ಲ. ಪೈಥಾನ್‌ನಲ್ಲಿ ಬರೆದ ಫಂಕ್ಷನ್ ಅನ್ನು ಇನ್‌ಸ್ಟೆನ್ಸ್ ಮೂಲಕ ಪಡೆದಾಗ ಹುಟ್ಟುವುದು ಪೈಮೆಥಡ್_ಟೈಪ್. ಪೈಮೆಥಡ್_ ಎಂದು ಆರಂಭವಾಗುವ ಎಲ್ಲ ಕರೆಗಳೂ ಅದಕ್ಕೆ ಮಾತ್ರ ಸಂಬಂಧಿಸಿದವು. ಸಿ ಭಾಷೆಯಲ್ಲಿ ಬರೆದ ಡೆಕ್‌ನ ಅಪೆಂಡ್‌ನಂಥದ್ದು ಇನ್‌ಸ್ಟೆನ್ಸ್ ಮೂಲಕ ಸಿಗುವಾಗ ಪೈಸಿಫಂಕ್ಷನ್_ಟೈಪ್ ಆಗಿ ಸಿಗುತ್ತದೆ. ಎರಡಕ್ಕೂ __ಸೆಲ್ಫ್__ ಇದೆ, ಆದ್ದರಿಂದ ನಿಮ್ಮ ಪರೀಕ್ಷೆ ಎರಡನ್ನೂ ಒಳಗೆ ಬಿಟ್ಟುಕೊಳ್ಳುತ್ತದೆ. ಪ್ರಿಂಟ್‌ಗೂ __ಸೆಲ್ಫ್__ ಇದೆ. ಅದು ಬಿಲ್ಟಿನ್ಸ್ ಮಾಡ್ಯೂಲ್ ಅನ್ನು ತೋರಿಸುತ್ತದೆ. ಅಂದರೆ ಪ್ರಿಂಟ್ ಅನ್ನು ನಿಮ್ಮ ಕೋಡ್ ಒಂದು ಮಾಡ್ಯೂಲ್‌ನ ಮೆಥಡ್ ಎಂದು ನಂಬಿತು.

ಈಗ ಮೆಮೊರಿಯ ವಿನ್ಯಾಸ ನೋಡಿ. 64 ಬಿಟ್ ರಿಲೀಸ್ ಬಿಲ್ಡ್‌ನಲ್ಲಿ ಪ್ರತಿ ಆಬ್ಜೆಕ್ಟ್‌ನ ಮೊದಲ 8 ಬೈಟ್ ರೆಫರೆನ್ಸ್ ಎಣಿಕೆಗೆ, ನಂತರದ 8 ಬೈಟ್ ಟೈಪ್ ಪಾಯಿಂಟರ್‌ಗೆ. ಪೈಮೆಥಡ್‌ಆಬ್ಜೆಕ್ಟ್ ಸ್ಟ್ರಕ್ಟ್‌ನಲ್ಲಿ ಅದಾದ ಮೇಲೆ 16ನೇ ಬೈಟ್‌ನಿಂದ ಫಂಕ್ಷನ್, 24ನೇ ಬೈಟ್‌ನಿಂದ ಸೆಲ್ಫ್. ಪೈಸಿಫಂಕ್ಷನ್‌ಆಬ್ಜೆಕ್ಟ್‌ನಲ್ಲಿ 16ನೇ ಬೈಟ್‌ನಿಂದ ಇರುವುದು ಪೈಮೆಥಡ್‌ಡೆಫ್ ಎಂಬ ಸಿ ಕೋಷ್ಟಕದ ನಮೂದಿಗೆ ಪಾಯಿಂಟರ್, 24ನೇ ಬೈಟ್‌ನಿಂದ ಸೆಲ್ಫ್. ನಿಮಗೆ ಸೆಲ್ಫ್ ಯಾವಾಗಲೂ ಸರಿಯಾಗಿ ಸಿಕ್ಕಿದ್ದು ಈ ಕಾಕತಾಳೀಯದಿಂದ. ಮ್ಯಾಕ್ರೋ ಯಾವ ತಪಾಸಣೆಯನ್ನೂ ಮಾಡದೆ ಆ ಜಾಗವನ್ನು ಓದುತ್ತದೆ, ಅಷ್ಟೇ. ಫಂಕ್ಷನ್ ಎಂದು ನಿಮ್ಮ ಕೈಗೆ ಬಂದದ್ದು ಪೈಥಾನ್ ಆಬ್ಜೆಕ್ಟೇ ಅಲ್ಲದ ಪೈಮೆಥಡ್‌ಡೆಫ್.

ಪೈಮೆಥಡ್‌ಡೆಫ್‌ನ ಮೊದಲ ಫೀಲ್ಡ್ ಹೆಸರಿನ ಪಾಯಿಂಟರ್, ಎರಡನೆಯದು ಸಿ ಫಂಕ್ಷನ್‌ನ ವಿಳಾಸ. ಅದನ್ನು ಆಬ್ಜೆಕ್ಟ್ ಎಂದು ಭಾವಿಸಿ ಪೈ_ಇನ್‌ಕ್ರೆಫ್ ಮಾಡಿದಾಗ, ರೆಫರೆನ್ಸ್ ಎಣಿಕೆ ಇರಬೇಕಾದ ಜಾಗದಲ್ಲಿರುವ ಹೆಸರಿನ ಪಾಯಿಂಟರ್‌ಗೆ 1 ಸೇರುತ್ತದೆ. ‘ಪ್ರಿಂಟ್’ ಎಂಬ ಅಕ್ಷರಮಾಲೆಯ ಆರಂಭವನ್ನು ತೋರಿಸುತ್ತಿದ್ದ ಪಾಯಿಂಟರ್ ಒಂದು ಬೈಟ್ ಮುಂದಕ್ಕೆ ಸರಿದು ಎರಡನೆಯ ಅಕ್ಷರದಿಂದ ಓದತೊಡಗುತ್ತದೆ. ನೋಂದಣಿ ರದ್ದುಮಾಡಿದಾಗ ಪೈ_ಡೆಕ್ರೆಫ್ ಅದನ್ನು ಹಿಂದಕ್ಕೆ ಸರಿಸುತ್ತದೆ. ಎರಡು ಬಾರಿ ನೋಂದಾಯಿಸಿ ನೋಡಿ, ಎರಡು ಅಕ್ಷರ ಹೋಗಿರುತ್ತವೆ. ಆದರೆ ಡೆಕ್ ಕ್ಲಾಸ್‌ನಿಂದಲೇ ನೇರವಾಗಿ ಅಪೆಂಡ್‌ನ ಹೆಸರು ಕೇಳಿದರೆ ಪೂರ್ತಿಯಾಗಿಯೇ ಬರುತ್ತದೆ, ಏಕೆಂದರೆ ಕ್ಲಾಸ್‌ನಲ್ಲಿರುವ ಡಿಸ್ಕ್ರಿಪ್ಟರ್ (ಇನ್‌ಸ್ಟೆನ್ಸ್‌ಗೆ ಬೆಸೆಯುವ ಮೊದಲಿನ ಮೆಥಡ್ ಆಬ್ಜೆಕ್ಟ್) ತನ್ನ ಹೆಸರನ್ನು ಪ್ರತ್ಯೇಕ ಸ್ಟ್ರಿಂಗ್ ಆಬ್ಜೆಕ್ಟ್ ಆಗಿ ಇಟ್ಟುಕೊಂಡಿರುತ್ತದೆ.

ಕ್ರ್ಯಾಶ್‌ನ ಕಾರಣವೂ ಇದರಿಂದಲೇ ಹೊರಡುತ್ತದೆ. ಪೈಮೆಥಡ್_ನ್ಯೂ ಸೆಲ್ಫ್ ನಲ್ ಆಗಿದೆಯೇ ಎಂಬುದನ್ನು ಮಾತ್ರ ನೋಡುತ್ತದೆ, ಫಂಕ್ಷನ್ ಕರೆಯಲು ಬರುವಂಥದ್ದೇ ಎಂದು ನೋಡುವುದಿಲ್ಲ. ಪೈಥಾನ್ ಕಡೆಯ ಟೈಪ್ಸ್ ಮಾಡ್ಯೂಲ್‌ನ ಮೆಥಡ್‌ಟೈಪ್ ಆ ತಪಾಸಣೆ ಮಾಡುತ್ತದೆ. ಸಿ ಕರೆ ನಿಮ್ಮ ಮಾತನ್ನು ನಂಬಿ ಮೆಥಡ್ ಕಟ್ಟಿಕೊಡುತ್ತದೆ. ಅದನ್ನು ಕರೆದ ಕ್ಷಣದಲ್ಲಿ ಟೈಪ್ ಪಾಯಿಂಟರ್ ಇರಬೇಕಾದಲ್ಲಿ ಸಿ ಫಂಕ್ಷನ್‌ನ ವಿಳಾಸ ಸಿಗುತ್ತದೆ, ಇಂಟರ್‌ಪ್ರಿಟರ್ ಯಂತ್ರಸಂಕೇತದ ಬೈಟ್‌ಗಳನ್ನು ಟೈಪ್‌ನ ಮಾಹಿತಿ ಎಂದು ಓದಲು ಹೋಗುತ್ತದೆ, ಮತ್ತು ಅಲ್ಲಿಗೆ ಎಲ್ಲವೂ ಮುಗಿಯುತ್ತದೆ.

ಹಾಗಾಗಿ ಬಿಡಿಸುವ ಮೊದಲು __ಸೆಲ್ಫ್__ ಇದೆಯೇ ಎಂದು ಕೇಳದೆ ಪೈಮೆಥಡ್_ಚೆಕ್ ಎಂದು ಕೇಳಿ. ಪೈಮೆಥಡ್_ಟೈಪ್‌ಗೆ ಸಬ್‌ಕ್ಲಾಸ್ ಮಾಡಲು ಬರುವುದಿಲ್ಲವಾದ್ದರಿಂದ ಅದರ ಉತ್ತರದಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಆ ತಪಾಸಣೆಯ ಒಳಗೆ ಮ್ಯಾಕ್ರೋ ಬಳಸುವುದು ಸುರಕ್ಷಿತ. ಹೊರಗೆ ಬಳಸುವುದಾದರೆ ಪೈಮೆಥಡ್_ಫಂಕ್ಷನ್ ಮಾತ್ರ. ಅದು ನಲ್ ಕೊಟ್ಟು ಸಿಸ್ಟಮ್‌ಎರರ್ ಎಬ್ಬಿಸುತ್ತದೆ. ಎರಡೂ ಕೊಡುವುದು ಎರವಲು ರೆಫರೆನ್ಸ್ (ಎಣಿಕೆ ಹೆಚ್ಚಿಸದೆ ಕೊಟ್ಟದ್ದು), ಆದ್ದರಿಂದ ನೀವು ಪೈ_ಇನ್‌ಕ್ರೆಫ್ ಮಾಡುತ್ತಿರುವ ಕ್ರಮ ಸರಿಯೇ.

ಪ್ರಸಂಗವಶಾತ್ ಒಂದು ಮಾತು: ಒಂದು ಪೂರ್ಣಾಂಕದ __ಎಸ್‌ಟಿಆರ್__ ಮಾದರಿಯ ವಿಶೇಷ ಮೆಥಡ್‌ಗಳನ್ನು ಪಡೆದರೆ ಮೆಥಡ್-ರ‍್ಯಾಪರ್ ಎಂಬ ಮೂರನೆಯ ಟೈಪ್ ಸಿಗುತ್ತದೆ. ಅದರ 16ನೇ ಬೈಟ್‌ನಲ್ಲಿ ನಿಜವಾದ ಡಿಸ್ಕ್ರಿಪ್ಟರ್ ಆಬ್ಜೆಕ್ಟ್ ಇರುವುದರಿಂದ ನಿಮ್ಮ ಹಳೆಯ ಕೋಡ್ ಅದನ್ನು ಸರಿಯಾಗಿಯೇ ಬಿಡಿಸುತ್ತಿತ್ತು. ಇಂಥ ಅದೃಷ್ಟವೇ ದೋಷವನ್ನು ಹೆಚ್ಚು ಕಾಲ ಮುಚ್ಚಿಡುತ್ತದೆ.

ಪ್ರಶ್ನೆ ಕೇಳಿದವರು

ಇಷ್ಟು ಸ್ಪಷ್ಟವಾಗಿ ವಿವರಿಸಿದ್ದಕ್ಕೆ ಧನ್ಯವಾದಗಳು. ಪೈಮೆಥಡ್_ಚೆಕ್ ಹಾಕಿದ ಮೇಲೆ ಕ್ರ್ಯಾಶ್ ಇಲ್ಲ. ಆದರೆ ಡೆಕ್‌ನ ಅಪೆಂಡ್ ಅನ್ನು ಈಗ ಗಟ್ಟಿಯಾಗಿ ಹಿಡಿದಿಟ್ಟುಕೊಳ್ಳಬೇಕಾಗಿದೆ, ನನಗೆ ಬೇಕಾಗಿದ್ದದ್ದು ಅದಲ್ಲ. ವೀಕ್‌ರೆಫ್ ಮಾಡ್ಯೂಲ್‌ನ ವೀಕ್‌ಮೆಥಡ್ ಬಳಸಬಹುದೇ? ಇಲ್ಲವೇ ಪೈಸಿಫಂಕ್ಷನ್ ಅನ್ನೂ ಬಿಡಿಸಿ ಜೋಡಿಸುವ ದಾರಿ ಇದೆಯೇ?

ಎರಡನೆಯ ಉತ್ತರ ಕೊಟ್ಟವರು

ವೀಕ್‌ಮೆಥಡ್ ಪೈಥಾನ್ 3.4ರಿಂದ ಇದೆ, ಆದರೆ ಅದಕ್ಕೆ __ಸೆಲ್ಫ್__ ಜೊತೆಗೆ __ಫಂಕ್__ ಕೂಡ ಬೇಕು. ಬಿಲ್ಟಿನ್ ಮೆಥಡ್‌ಗಳಿಗೆ __ಫಂಕ್__ ಇಲ್ಲ, ಆದ್ದರಿಂದ ಟೈಪ್‌ಎರರ್ ಬರುತ್ತದೆ.

ಪೈಮೆಥಡ್‌ಡೆಫ್ ಪಾಯಿಂಟರ್ ತೆಗೆದಿಟ್ಟುಕೊಂಡು ಆಮೇಲೆ ಪೈಸಿಫಂಕ್ಷನ್_ನ್ಯೂಎಕ್ಸ್ ಮೂಲಕ ಹೊಸದನ್ನು ಕಟ್ಟಲು ಸಾಧ್ಯ, ಆದರೆ ನಾನು ಹಾಗೆ ಮಾಡುವುದಿಲ್ಲ. ಆ ಕೋಷ್ಟಕ ಎಷ್ಟು ಕಾಲ ಬದುಕಿರುತ್ತದೆ ಎಂಬುದು ನಿಮ್ಮ ಹತೋಟಿಯಲ್ಲಿಲ್ಲ. ಅದಕ್ಕಿಂತ ಡಿಸ್ಕ್ರಿಪ್ಟರ್ ಹಿಡಿಯುವ ದಾರಿ ವಾಸಿ. ಪೈಸಿಫಂಕ್ಷನ್_ಚೆಕ್ ಸರಿ ಎಂದರೆ ಪೈಸಿಫಂಕ್ಷನ್_ಗೆಟ್‌ಸೆಲ್ಫ್‌ನಿಂದ ಸೆಲ್ಫ್ ಪಡೆಯಿರಿ. ಅದು ನಲ್ ಆಗಿದ್ದರೆ ಅಥವಾ ಪೈಮಾಡ್ಯೂಲ್_ಚೆಕ್ ಅದನ್ನು ಮಾಡ್ಯೂಲ್ ಎಂದರೆ, ಅದು ಪ್ರಿಂಟ್‌ನಂಥ ಬಿಡಿ ಫಂಕ್ಷನ್, ಗಟ್ಟಿಯಾಗಿಯೇ ಇಟ್ಟುಕೊಳ್ಳಿ. ಉಳಿದವುಗಳಿಗೆ ಸೆಲ್ಫ್‌ನ ಟೈಪ್‌ನಲ್ಲಿ ಅದೇ ಹೆಸರಿನ ಅಟ್ರಿಬ್ಯೂಟ್ ಹುಡುಕಿ. ಸಿಕ್ಕದ್ದು ಪೈಮೆಥಡ್‌ಡೆಸ್ಕರ್_ಟೈಪ್ ಆಗಿದ್ದರೆ ಅದನ್ನು ಗಟ್ಟಿಯಾಗಿ, ಸೆಲ್ಫ್ ಅನ್ನು ವೀಕ್ ಆಗಿ ಹಿಡಿಯಿರಿ. ಕರೆಯುವಾಗ ಮೆಥಡ್ ಕಟ್ಟುವ ಅಗತ್ಯವೇ ಇಲ್ಲ. ಡಿಸ್ಕ್ರಿಪ್ಟರ್ ಅನ್ನೇ ಕರೆದು ಮೊದಲ ಆರ್ಗ್ಯುಮೆಂಟ್ ಆಗಿ ಸೆಲ್ಫ್ ಕೊಟ್ಟರೆ ಆಯಿತು.

ಇಲ್ಲಿ ಒಂದು ಬಿರುಕಿದೆ. ಡೆಕ್‌ನ ಸಬ್‌ಕ್ಲಾಸ್ ಒಂದು ಅಪೆಂಡ್ ಅನ್ನು ತಾನೇ ಮರುಬರೆದು, ಸೂಪರ್ ಮೂಲಕ ಪಡೆದ ಮೂಲ ಅಪೆಂಡ್ ಅನ್ನು ನಿಮಗೆ ಕಾಲ್‌ಬ್ಯಾಕ್ ಆಗಿ ಕೊಟ್ಟರೆ, ಹೆಸರಿನಿಂದ ಹುಡುಕಿದಾಗ ಸಿಗುವುದು ಬೇರೆಯೇ ಮೆಥಡ್. ಅದಕ್ಕಾಗಿ ಡಿಸ್ಕ್ರಿಪ್ಟರ್ ಒಳಗಿನ ಪೈಮೆಥಡ್‌ಡೆಫ್ ಪಾಯಿಂಟರ್ ಮತ್ತು ಕಾಲ್‌ಬ್ಯಾಕ್ ಒಳಗಿನದು ಒಂದೇ ಆಗಿವೆಯೇ ಎಂದು ಹೋಲಿಸಿ, ಇಲ್ಲದಿದ್ದರೆ ಕಾಲ್‌ಬ್ಯಾಕ್ ಅನ್ನೇ ಗಟ್ಟಿಯಾಗಿ ಹಿಡಿಯಿರಿ. ಸಾಮಾನ್ಯ ಲಿಸ್ಟ್‌ಗೆ ವೀಕ್ ರೆಫರೆನ್ಸ್ ಮಾಡಲು ಬರುವುದಿಲ್ಲವೆಂಬುದನ್ನೂ ನೆನಪಿಡಿ. ಪೈವೀಕ್‌ರೆಫ್_ನ್ಯೂರೆಫ್ ಟೈಪ್‌ಎರರ್ ಎಬ್ಬಿಸಿದರೆ ಅದನ್ನು ತೆರವುಗೊಳಿಸಿ ಅದೇ ಗಟ್ಟಿ ದಾರಿಗೆ ಬರಬೇಕು. ಇನ್ನು 3.11ರಲ್ಲಿ ಪೈವೀಕ್‌ರೆಫ್_ಗೆಟ್‌ಆಬ್ಜೆಕ್ಟ್ ಎರವಲು ರೆಫರೆನ್ಸ್ ಕೊಡುತ್ತದೆ, ಆಬ್ಜೆಕ್ಟ್ ಸತ್ತಿದ್ದರೆ ಪೈ_ನನ್ ಕೊಡುತ್ತದೆ. ಕಾಲ್‌ಬ್ಯಾಕ್ ಓಡುತ್ತಿರುವಾಗಲೇ ಆಬ್ಜೆಕ್ಟ್ ಸಾಯಬಹುದಾದ್ದರಿಂದ ಕರೆಗೆ ಮೊದಲು ಪೈ_ಇನ್‌ಕ್ರೆಫ್ ತಪ್ಪಿಸಬೇಡಿ.

ಮತ್ತೊಬ್ಬರ ಪ್ರಶ್ನೆ

ನನ್ನದು ಇದಕ್ಕೆ ಹತ್ತಿರದ ತೊಂದರೆ. ಪೈಸಿಫಂಕ್ಷನ್_ನ್ಯೂನಿಂದ ಮಾಡಿದ ಫಂಕ್ಷನ್ ಒಂದನ್ನು ಪೈಥಾನ್ ಕ್ಲಾಸ್‌ಗೆ ಅಟ್ರಿಬ್ಯೂಟ್ ಆಗಿ ಸೇರಿಸಿದ್ದೇನೆ. ಇನ್‌ಸ್ಟೆನ್ಸ್ ಮೂಲಕ ಕರೆದಾಗ ಅದಕ್ಕೆ ಸೆಲ್ಫ್ ಬರುತ್ತಲೇ ಇಲ್ಲ. ಹಳೆಯ ಪೈಥಾನ್ 2ರ ಕೋಡ್‌ನಲ್ಲಿ ಪೈಮೆಥಡ್_ನ್ಯೂಗೆ ಫಂಕ್ಷನ್, ನಲ್, ಕ್ಲಾಸ್ ಎಂದು ಮೂರು ಆರ್ಗ್ಯುಮೆಂಟ್ ಕೊಡುತ್ತಿದ್ದರು. ಈಗ ಅದು ಎರಡನ್ನೇ ತೆಗೆದುಕೊಳ್ಳುತ್ತದೆ, ನಲ್ ಕೊಟ್ಟರೆ ಸಿಸ್ಟಮ್‌ಎರರ್.

ಮೊದಲ ಉತ್ತರ ಕೊಟ್ಟವರು

ಪೈಸಿಫಂಕ್ಷನ್‌ಗೆ __ಗೆಟ್__ (ಇನ್‌ಸ್ಟೆನ್ಸ್‌ಗೆ ಬೆಸೆಯುವ ಮೆಥಡ್) ಇಲ್ಲ, ಆದ್ದರಿಂದ ಕ್ಲಾಸ್‌ನಲ್ಲಿಟ್ಟರೂ ಅದು ಇನ್‌ಸ್ಟೆನ್ಸ್‌ಗೆ ಬೆಸೆದುಕೊಳ್ಳುವುದಿಲ್ಲ. ನೀವು ಹೇಳಿದ ಮೂರು ಆರ್ಗ್ಯುಮೆಂಟ್‌ನ ಕರೆಗೆ ಬದಲಿಯಾಗಿ ಪೈಥಾನ್ 3ರಲ್ಲಿ ಪೈಇನ್‌ಸ್ಟೆನ್ಸ್‌ಮೆಥಡ್_ನ್ಯೂ ಇದೆ. ಫಂಕ್ಷನ್ ಅನ್ನು ಅದರಲ್ಲಿ ಸುತ್ತಿ ಕ್ಲಾಸ್‌ಗೆ ಸೇರಿಸಿ. ಇನ್‌ಸ್ಟೆನ್ಸ್ ಮೂಲಕ ಪಡೆದಾಗ ಅದು ತಾನೇ ಪೈಮೆಥಡ್_ನ್ಯೂ ಕರೆದು ಬೌಂಡ್ ಮೆಥಡ್ ಕೊಡುತ್ತದೆ. ಹೀಗೆ ಬಂದದ್ದನ್ನು ಪೈಮೆಥಡ್_ಚೆಕ್ ಒಪ್ಪುತ್ತದೆ, ಒಳಗಿರುವುದು ಸಿ ಫಂಕ್ಷನ್ ಆದರೂ. ಮೇಲಿನ ಚರ್ಚೆಗೂ ಇದು ಸಲ್ಲುತ್ತದೆ: ಯಾವ ಭಾಷೆಯಲ್ಲಿ ಬರೆದದ್ದು ಎಂಬುದರಿಂದ ಟೈಪ್ ನಿರ್ಧಾರವಾಗುವುದಿಲ್ಲ, ಹೇಗೆ ಬೆಸೆಯಲಾಯಿತು ಎಂಬುದರಿಂದ ಆಗುತ್ತದೆ.

ಇದರಲ್ಲಿ ಎಡವುವ ಜಾಗ ಒಂದೇ. ನಿಮ್ಮ ಸಿ ಫಂಕ್ಷನ್‌ನ ಮೊದಲ ಪ್ಯಾರಾಮೀಟರ್‌ಗೆ ಇನ್‌ಸ್ಟೆನ್ಸ್ ಬರುವುದಿಲ್ಲ. ಅಲ್ಲಿ ಬರುವುದು ಪೈಸಿಫಂಕ್ಷನ್_ನ್ಯೂ ಮಾಡುವಾಗ ನೀವು ಕೊಟ್ಟದ್ದು. ಇನ್‌ಸ್ಟೆನ್ಸ್ ಬರುವುದು ಆರ್ಗ್ಯುಮೆಂಟ್‌ಗಳ ಸಾಲಿನ ತಲೆಯಲ್ಲಿ. ಹಾಗಾಗಿ ಒಂದೇ ಆರ್ಗ್ಯುಮೆಂಟ್ ಎಂದು ಸೂಚಿಸುವ ಮೆಥ್_ಓ ಫ್ಲ್ಯಾಗ್ ಹಾಕಿದ ಫಂಕ್ಷನ್‌ಗೆ ಒಂದು ಆರ್ಗ್ಯುಮೆಂಟ್ ಕೊಟ್ಟು ಕರೆದರೂ ಎರಡು ಬಂದಿವೆ ಎಂದು ಟೈಪ್‌ಎರರ್ ಬರುತ್ತದೆ. ಇನ್‌ಸ್ಟೆನ್ಸ್ ಮೊದಲ ಪ್ಯಾರಾಮೀಟರ್‌ಗೇ ಬರಬೇಕೆಂದಿದ್ದರೆ ಪೈಡೆಸ್ಕರ್_ನ್ಯೂಮೆಥಡ್ ಬಳಸಿ; ಅದು ಸೆಲ್ಫ್ ಆ ಟೈಪ್‌ನದ್ದೇ ಎಂಬುದನ್ನೂ ಪರೀಕ್ಷಿಸುತ್ತದೆ. ಯಾವುದನ್ನೇ ಬಳಸಿದರೂ ಪೈಮೆಥಡ್‌ಡೆಫ್ ಅನ್ನು ಸ್ಟ್ಯಾಟಿಕ್ ಆಗಿ ಇಡಿ. ಅದನ್ನು ನಕಲು ಮಾಡಿಕೊಳ್ಳುವುದಿಲ್ಲ, ಪಾಯಿಂಟರ್ ಮಾತ್ರ ಇಟ್ಟುಕೊಳ್ಳಲಾಗುತ್ತದೆ. ಒಂದು ಫಂಕ್ಷನ್‌ನ ಲೋಕಲ್ ವೇರಿಯಬಲ್ ಆಗಿ ಬರೆದರೆ ಆ ಫಂಕ್ಷನ್ ಮುಗಿದ ಮೇಲೆ ಅಲ್ಲಿ ಏನಿರುತ್ತದೆ ಎಂಬುದಕ್ಕೆ ಖಾತರಿಯಿಲ್ಲ.

ಪ್ರಶ್ನೆ ಕೇಳಿದವರು

ಡಿಸ್ಕ್ರಿಪ್ಟರ್ ದಾರಿ ಕೆಲಸ ಮಾಡಿತು. ಡೆಕ್ ಬಿಡುಗಡೆಯಾದ ಮೇಲೆ ಅದರ ನಮೂದು ಪಟ್ಟಿಯಿಂದ ತಾನಾಗಿ ಹೋಗುತ್ತಿದೆ. ಉಳಿದದ್ದು ನೋಂದಣಿ ರದ್ದು. ಅದೇ ಮೆಥಡ್ ಅನ್ನು ಮತ್ತೆ ಕೊಟ್ಟಾಗ ಪಾಯಿಂಟರ್ ಹೋಲಿಸಿದರೆ ಹೊಂದುವುದಿಲ್ಲ.

ಎರಡನೆಯ ಉತ್ತರ ಕೊಟ್ಟವರು

ಅಟ್ರಿಬ್ಯೂಟ್ ಓದಿದಷ್ಟು ಸಲವೂ ಹೊಸ ಮೆಥಡ್ ಆಬ್ಜೆಕ್ಟ್ ಹುಟ್ಟುತ್ತದೆ, ಆದ್ದರಿಂದ ಹೊರ ಪಾಯಿಂಟರ್ ಹೊಂದುವುದಿಲ್ಲ. ಬಂದದ್ದನ್ನು ನೋಂದಣಿಯಲ್ಲಿ ಬಿಡಿಸಿದ ಕ್ರಮದಲ್ಲೇ ಬಿಡಿಸಿ, ಸೆಲ್ಫ್ ಅದೇ ಆಬ್ಜೆಕ್ಟ್ ಆಗಿದೆಯೇ ಎಂದು ಪಾಯಿಂಟರ್‌ನಿಂದ, ಫಂಕ್ಷನ್ ಅಥವಾ ಡಿಸ್ಕ್ರಿಪ್ಟರ್ ಸಮವೇ ಎಂದು ಪೈಆಬ್ಜೆಕ್ಟ್_ರಿಚ್‌ಕಂಪೇರ್‌ಬೂಲ್‌ನಿಂದ ಹೋಲಿಸಿ. ಪೈಥಾನ್ 3.8ರಿಂದ ಮೆಥಡ್‌ಗಳ ಸಮತೆಯೂ ಇದೇ ನಿಯಮದಲ್ಲಿದೆ. ಅದಕ್ಕೆ ಮೊದಲು ಪೈಮೆಥಡ್_ಟೈಪ್‌ನ ಮೆಥಡ್‌ಗಳಿಗೆ ಸೆಲ್ಫ್‌ಗಳು ಸಮವಾಗಿದ್ದರೆ ಸಾಕಿತ್ತು, ಒಂದೇ ಆಗಿರಬೇಕಿರಲಿಲ್ಲ. ಹಾಗಿದ್ದಾಗ ಪೈಥಾನ್‌ನಲ್ಲಿ ಬರೆದ ಕ್ಲಾಸ್‌ನ ಎರಡು ಸಮಾನ ಆಬ್ಜೆಕ್ಟ್‌ಗಳಲ್ಲಿ ಒಂದರ ಕಾಲ್‌ಬ್ಯಾಕ್ ತೆಗೆಯಲು ಹೋಗಿ ಇನ್ನೊಂದರದ್ದನ್ನು ತೆಗೆಯುವ ಸಾಧ್ಯತೆ ಇತ್ತು. ಗಟ್ಟಿಯಾಗಿ ಹಿಡಿದ ಕಾಲ್‌ಬ್ಯಾಕ್‌ಗಳಿಗೆ ಬಿಡಿಸುವ ಗೋಜಿಲ್ಲ. ಅವುಗಳನ್ನು ಹಾಗೆಯೇ ರಿಚ್‌ಕಂಪೇರ್‌ಬೂಲ್‌ಗೆ ಕೊಡಿ, ಆದರೆ ಅದು -1 ಹಿಂತಿರುಗಿಸಿದರೆ ಎಕ್ಸೆಪ್ಶನ್ ಎದ್ದಿದೆ ಎಂದರ್ಥ, ಹೊಂದಿತು ಎಂದಲ್ಲ.